ಹಲ್ಲು ಎಣಿಸಿದ ಐದು ತಿಂಗಳು: ಹಳೆಯ ಎಟಿಸಿ 200ಎಕ್ಸ್‌ಗೆ ಸ್ಪ್ರಾಕೆಟ್ ಹೊಂದಿಸಿದ ದಾಖಲೆ

ಸ್ಯಾನ್ ಡಿಯೇಗೋದ ನಮ್ಮ ಮನೆಯ ಗ್ಯಾರೇಜಿನಲ್ಲಿ 1984ರ ಹೋಂಡಾ ಎಟಿಸಿ 200ಎಕ್ಸ್ ಒಂದಿದೆ. ನಮ್ಮ ಕಡೆ ಮೂರು ಚಕ್ರದ ಗಾಡಿ ಎಂದರೆ ಆಟೋ ಕಣ್ಣಿಗೆ ಬರುತ್ತದೆ. ಇದು ಅದಲ್ಲ. ಮುಂದೆ ಒಂದು, ಹಿಂದೆ ಎರಡು ಉಬ್ಬಿದ ಟೈರುಗಳಿರುವ, ಬೈಕಿನಂತೆ ಹ್ಯಾಂಡಲ್ ಹಿಡಿದು ಕೂರುವ, ಮರಳು ಮತ್ತು ಕಚ್ಚಾದಾರಿಗೆಂದೇ ಮಾಡಿದ ಗಾಡಿ. ಹೋಂಡಾ ಈ ಬಗೆಯನ್ನು 1970ರಲ್ಲಿ ಯುಎಸ್ 90 ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ತಂದಿತು, 200ಎಕ್ಸ್ 1983ರಲ್ಲಿ ಬಂತು, 1988ರಲ್ಲಿ ತಯಾರಕರಿಗೂ ಇಲ್ಲಿನ ಸರ್ಕಾರಕ್ಕೂ ನ್ಯಾಯಾಲಯದಲ್ಲಿ ಆದ ಒಪ್ಪಂದದೊಡನೆ ಹೊಸ ಮೂರು ಚಕ್ರದ ಗಾಡಿಗಳ ಮಾರಾಟವೇ ನಿಂತಿತು. ಆದ್ದರಿಂದ ಇಂದು ಸಿಗುವುದೆಲ್ಲ ಹತ್ತಾರು ಕೈ ದಾಟಿದ ಗಾಡಿಗಳೇ. ಹಿಂದಿನವರು ಯಾವ ಹಲ್ಲಿನ ಸ್ಪ್ರಾಕೆಟ್ (ಚೈನ್ ಕೂರುವ ಹಲ್ಲಿನ ಚಕ್ರ) ಹಾಕಿದ್ದಾರೆ, ಏಕೆ ಹಾಕಿದ್ದಾರೆ ಎಂಬುದಕ್ಕೆ ಯಾವ ಕಾಗದವೂ ಇರುವುದಿಲ್ಲ. 192 ಸಿಸಿಯ ಗಾಳಿತಂಪಿನ ಫೋರ್ ಸ್ಟ್ರೋಕ್ ಎಂಜಿನ್‌ನಲ್ಲಿ ಪೋಲು ಮಾಡುವಷ್ಟು ಶಕ್ತಿ ಇಲ್ಲವಾದ್ದರಿಂದ, ಒಂದೆರಡು ಹಲ್ಲು ಹೆಚ್ಚುಕಡಿಮೆಯಾದರೂ ಐದೂ ಗೇರುಗಳು ತಪ್ಪಿದ ಜಾಗದಲ್ಲಿ ಬಂದು ಕೂರುತ್ತವೆ. 2024ರ ಅಕ್ಟೋಬರ್‌ನಿಂದ 2025ರ ಫೆಬ್ರವರಿಯವರೆಗೆ ನಾನು ಮಾಡಿದ ಕೆಲಸವನ್ನೂ ತಪ್ಪುಗಳನ್ನೂ ಆದ ಕ್ರಮದಲ್ಲೇ ಬರೆದಿದ್ದೇನೆ.

1. 2024 ಅಕ್ಟೋಬರ್ 12: ಬಂದ ಸ್ಥಿತಿ

ಗಾಡಿಗೆ 1,400 ಡಾಲರ್ ಕೊಟ್ಟೆ. ಮೊದಲು ಮಾಡಿದ ಕೆಲಸ ಹಲ್ಲು ಎಣಿಸಿದ್ದು: ಮುಂದೆ 12, ಹಿಂದೆ 44. ಎಣಿಸುವಾಗ ಒಂದು ಹಲ್ಲಿಗೆ ಉಗುರುಬಣ್ಣ ಹಚ್ಚಿಕೊಳ್ಳದೆ ಎರಡು ಬಾರಿ 43 ಎಂದೂ ಒಂದು ಬಾರಿ 45 ಎಂದೂ ಲೆಕ್ಕ ಬಂದಿತ್ತೆಂಬುದನ್ನು ಒಪ್ಪಿಕೊಳ್ಳುತ್ತೇನೆ. ಹಿಂದಿನ ಟೈರುಗಳು 20×11-9 (ಎತ್ತರ, ಅಗಲ, ರಿಮ್‌ನ ಅಳತೆ, ಮೂರೂ ಇಂಚಿನಲ್ಲಿ), ಬದಿಗಳಲ್ಲಿ ಸಣ್ಣಗೆ ಬಿರುಕು ಬಿಟ್ಟಿದ್ದವು. ಚೈನ್ 520 ಅಳತೆಯದು, 90 ಲಿಂಕ್. ಹಿಂದಿನ ಸ್ಪ್ರಾಕೆಟ್‌ನ ಮೂರು ಹಲ್ಲುಗಳ ತುದಿ ಕಲ್ಲಿಗೆ ಬಡಿದು ಮಡಚಿತ್ತು.

ಒಂದು ವಾರದ ನಂತರ ಸುಮಾರು 90 ಮೈಲಿ ದೂರದ, ಇಂಥ ಗಾಡಿ ಓಡಿಸುವ ಮರುಭೂಮಿ ಒಕೊಟಿಲ್ಲೊ ವೆಲ್ಸ್‌ಗೆ ಒಯ್ದೆ. ಅಲ್ಲಿನ ನೆಲ ಹೆಚ್ಚಿನ ಭಾಗ ಗಟ್ಟಿ. ನಡುನಡುವೆ ಒಣಗಿದ ಹಳ್ಳದ ಮರಳಿದೆ. ಒಂದನೇ ಗೇರು ಹಾಕಿ ಕ್ಲಚ್ ಬಿಡುವಷ್ಟರಲ್ಲಿ ಎರಡನೆಯದು ಬೇಕಾಗುತ್ತಿತ್ತು, ಏರಿನಲ್ಲಿ ಸ್ವಲ್ಪ ಆಕ್ಸಿಲರೇಟರ್ ತಿರುಗಿಸಿದರೂ ಮುಂದಿನ ಚಕ್ರ ಮೇಲೇಳುತ್ತಿತ್ತು, ಐದನೆಯದರಲ್ಲಿ ಎಂಜಿನ್ ಕಿರುಚಿಕೊಂಡರೂ ಜಿಪಿಎಸ್‌ನಲ್ಲಿ ಗಂಟೆಗೆ 44 ಮೈಲಿ ದಾಟಲಿಲ್ಲ. ಗಾಡಿಯ ಹಿಂದಿನ ಮಾಲೀಕನಿಗೆ ಏನೂ ತಿಳಿದಿರಲಿಲ್ಲ ಎಂದು ಅಂದೇ ನನ್ನ ಪುಸ್ತಕದಲ್ಲಿ ಬರೆದುಕೊಂಡೆ. ಈ ವಾಕ್ಯವನ್ನು ಮುಂದೆ ನಾನೇ ಹೊಡೆದುಹಾಕಬೇಕಾಯಿತು.

2. ನವೆಂಬರ್ 2 ಮತ್ತು 3: ಬಿಚ್ಚುವ ಕೆಲಸ, ಒಂದು ಮಿಲಿಮೀಟರ್‌ನ ಕಥೆ

ಎಳೆತ ಇಳಿಸಿ ವೇಗ ಏರಿಸಬೇಕಾದರೆ ಮುಂದೆ ಹಲ್ಲು ಹೆಚ್ಚಬೇಕು, ಹಿಂದೆ ಕಡಿಮೆಯಾಗಬೇಕು. ಮುಂದಕ್ಕೆ 13 ಹಲ್ಲಿನದು 17 ಡಾಲರ್, ಹಿಂದಕ್ಕೆ ಉಕ್ಕಿನ 40 ಹಲ್ಲಿನದು 41 ಡಾಲರ್. ಮುಂದಿನದನ್ನು ಬಿಚ್ಚುವುದು ಹತ್ತು ನಿಮಿಷದ ಕೆಲಸ. 10 ಎಂಎಂ ಸ್ಪ್ಯಾನರ್‌ನಿಂದ ಎರಡು ಸಣ್ಣ ಬೋಲ್ಟ್ ತೆಗೆದು, ಸ್ಪ್ರಾಕೆಟ್ ಹಿಡಿದಿರುವ ತಗಡಿನ ಬಿಲ್ಲೆಯನ್ನು ಅರ್ಧ ಹಲ್ಲಿನಷ್ಟು ತಿರುಗಿಸಿದರೆ ಶಾಫ್ಟಿನ ಕಚ್ಚಿನಿಂದ ಕಳಚಿ ಬರುತ್ತದೆ. ಹಿಂದಿನ ಸ್ಪ್ರಾಕೆಟ್ ಒಂದೇ ತುಂಡಿನ ಉಂಗುರವಾದ್ದರಿಂದ ಅದು ಹೊರಬರಬೇಕಾದರೆ ಆ ಬದಿಯ ಚಕ್ರವೂ ಚಕ್ರದ ಹಬ್ಬೂ ಆಕ್ಸಲ್‌ನಿಂದ ಕಳಚಬೇಕು. ನಲವತ್ತು ವರ್ಷದ ತುಕ್ಕು ಹಬ್ಬನ್ನು ಆಕ್ಸಲ್‌ಗೆ ಬೆಸೆದುಬಿಟ್ಟಿತ್ತು.

ಇಲ್ಲಿ ಮೊದಲ ತಪ್ಪು. ತುಕ್ಕು ಬಿಡಿಸುವ ಎಣ್ಣೆ ಹಾಕಿ ರಾತ್ರಿಯಿಡೀ ಬಿಡಬೇಕಿತ್ತು. ಅರ್ಧ ಗಂಟೆಗೇ ತಾಳ್ಮೆ ಕಳೆದುಕೊಂಡು, ನಟ್ಟು ತೆಗೆದ ಆಕ್ಸಲ್‌ನ ತುದಿಗೆ ಸುತ್ತಿಗೆಯಿಂದ ನಾಲ್ಕು ಪೆಟ್ಟು ಕೊಟ್ಟೆ. ಹಬ್ಬು ಅಲುಗಲಿಲ್ಲ, ಆಕ್ಸಲ್‌ನ ಮರೆ (ನಟ್ಟು ತಿರುಗಿ ಕೂರುವ ಸುರುಳಿ ಗೀರು) ಮಾತ್ರ ಮೊದಲೆರಡು ಸುತ್ತು ಚಪ್ಪಟೆಯಾಯಿತು. ಮರುದಿನ ಬಿಡಿಭಾಗದ ಅಂಗಡಿಯಿಂದ ಠೇವಣಿ ಕೊಟ್ಟು ಹಬ್ಬನ್ನು ಎಳೆದು ಬಿಡಿಸುವ ಪುಲ್ಲರ್ ಎರವಲು ತಂದು, ಸ್ಕ್ರೂ ಬಿಗಿಮಾಡಿ ಸುಮ್ಮನೆ ಬಿಟ್ಟು ಕಾಫಿ ಕುಡಿಯಲು ಒಳಗೆ ಹೋದೆ. ಲೋಟ ಇನ್ನೂ ಕೈಯಲ್ಲಿರುವಾಗಲೇ ಗ್ಯಾರೇಜಿನಿಂದ ತೆಂಗಿನಕಾಯಿ ಒಡೆದಂಥ ಸದ್ದು ಕೇಳಿಸಿತು. ಹಬ್ಬು ತಾನೇ ಬಿಟ್ಟುಕೊಟ್ಟಿತ್ತು. ಮರೆಯನ್ನು ಅರದಿಂದ ತಿದ್ದಲು ಎರಡು ಗಂಟೆ, ಹೊಸ ನಟ್ಟಿಗೆ 9 ಡಾಲರ್ ದಂಡ.

ಚೈನ್ ಹಾಕುವಾಗ ಎರಡನೆಯ ತಪ್ಪು. ಚೈನ್ ಬದಲಿಸದೆ ಸ್ಪ್ರಾಕೆಟ್ ಬದಲಿಸಿದರೆ, ಎರಡೂ ಕಡೆಯ ಒಟ್ಟು ಹಲ್ಲಿನಲ್ಲಿ ಒಂದು ಕಡಿಮೆಯಾದಾಗಲೆಲ್ಲ ಆಕ್ಸಲ್ ಸುಮಾರು 4 ಎಂಎಂ ಹಿಂದೆ ಹೋಗಬೇಕು. 520 ಚೈನಿನ ಒಂದು ಲಿಂಕಿನ ಅಳತೆ 15.875 ಎಂಎಂ, ಅದರ ಕಾಲು ಭಾಗ ಇದು. ನನ್ನದು 56 ಹಲ್ಲಿನಿಂದ 53ಕ್ಕೆ ಇಳಿದದ್ದರಿಂದ ಆಕ್ಸಲ್ 12 ಎಂಎಂ ಹಿಂದಕ್ಕೆ ಸರಿಯಬೇಕಿತ್ತು. ಆಕ್ಸಲನ್ನು ಹಿಂದೆಮುಂದೆ ಸರಿಸುವ ಅಡ್ಜಸ್ಟರ್‌ನ ಒಟ್ಟು ಓಟ 22 ಎಂಎಂ, ಅದರಲ್ಲಿ 11 ಮೊದಲೇ ಮುಗಿದಿತ್ತು. ಅಂದರೆ ಒಂದೇ ಒಂದು ಮಿಲಿಮೀಟರ್ ಸಾಲದೆ ಬಂತು. ಚೈನಿನ 20 ಲಿಂಕುಗಳನ್ನು ಎಳೆದು ಅಳೆದಾಗ 321 ಎಂಎಂ ಇತ್ತು, ಹೊಸದಾಗಿದ್ದರೆ 317.5 ಇರಬೇಕು. ಸವೆದು ಉದ್ದವಾಗಿದೆ ಎಂದು ಅಳತೆಯೇ ಹೇಳುತ್ತಿದ್ದರೂ, ಹೊಸದಕ್ಕೆ ದುಡ್ಡು ಹಾಕುವ ಮನಸ್ಸಾಗದೆ ಎರಡು ಲಿಂಕ್ ಕತ್ತರಿಸಿದೆ. ನಮ್ಮೂರಿನ ಮೆಕ್ಯಾನಿಕ್‌ಗಳು ಚೈನ್ ಕಿಟ್ ಎಂದು ಚೈನನ್ನೂ ಎರಡು ಸ್ಪ್ರಾಕೆಟ್‌ಗಳನ್ನೂ ಒಟ್ಟಿಗೇ ಬದಲಿಸುವುದು ವ್ಯಾಪಾರದ ಬುದ್ಧಿಯಷ್ಟೇ ಎಂದುಕೊಂಡಿದ್ದವನು ನಾನು.

3. ನವೆಂಬರ್ 16ರಿಂದ ಡಿಸೆಂಬರ್ 15: ದಿಕ್ಕು ತಪ್ಪಿದ ತಿಂಗಳು

13ಕ್ಕೆ 40 ಹಾಕಿದ ಗಾಡಿ ಒಕೊಟಿಲ್ಲೊದಲ್ಲಿ ಚೆನ್ನಾಗಿಯೇ ಓಡಿತು. ಐದನೆಯ ಗೇರಿನಲ್ಲಿ 52 ಮೈಲಿ ತೋರಿಸಿತು, ಒಂದನೆಯ ಗೇರು ಗೇರಿನಂತೆ ಕೆಲಸ ಮಾಡಿತು. ಕೆಲಸ ಮುಗಿಯಿತೆಂದು 44 ಹಲ್ಲಿನ ಹಳೆಯ ಸ್ಪ್ರಾಕೆಟ್‌ನ ಮಡಚಿದ ತುದಿಗಳನ್ನು ಅರದಿಂದ ತಿದ್ದಿ, ಹಳೆ ಸಾಮಾನಿನ ಸಂತೆಯಲ್ಲಿ 10 ಡಾಲರ್‌ಗೆ ಮಾರಿದೆ.

ನವೆಂಬರ್ 30ರಂದು ಬಿರುಕು ಬಿಟ್ಟ ಟೈರುಗಳನ್ನು ತೆಗೆದು 22×11-9 ಅಳತೆಯ ಹೊಸ ಜೋಡಿ ಹಾಕಿದೆ, 168 ಡಾಲರ್. ಎರಡು ಇಂಚು ಎತ್ತರವಾದರೆ ಕಲ್ಲಿನಿಂದ ಸ್ಪ್ರಾಕೆಟ್ ಒಂದು ಇಂಚು ಮೇಲಿರುತ್ತದೆ ಎಂಬುದಷ್ಟೇ ನನ್ನ ಲೆಕ್ಕವಾಗಿತ್ತು. ಡಿಸೆಂಬರ್ 7ರಂದು ಅದೇ ದಾರಿಯಲ್ಲಿ ಹೋದಾಗ ಗಾಡಿ ಬೇರೆಯೇ ಆಗಿತ್ತು. ಅಲ್ಲಿನ ಮರಳುಗುಡ್ಡ ಬ್ಲೋ ಸ್ಯಾಂಡ್ ಹಿಲ್‌ನ ಬುಡದಲ್ಲಿ ಎರಡನೆಯ ಗೇರಿನಿಂದ ಮೂರಕ್ಕೆ ಹಾಕಿದೊಡನೆ ಎಂಜಿನ್ ಉಬ್ಬಸ ಬಂದಂತೆ ಕುಸಿಯಿತು. ಕ್ಲಚ್ ಅರ್ಧ ಹಿಡಿದುಕೊಂಡೇ ಏರಿಸಬೇಕಾಗಿ ಬಂದು ಮೂರನೆಯ ಪ್ರಯತ್ನದ ಹೊತ್ತಿಗೆ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ಸಮತಟ್ಟಿನಲ್ಲಿ ಐದನೆಯದು 53 ಮೈಲಿಗೇ ನಿಂತಿತು, ಅದೂ ಬಹಳ ದೂರ ಓಡಿಸಿದ ಮೇಲೆ.

ನಾನು ಕಾರ್ಬುರೇಟರ್ ಮೇಲೆ ಅನುಮಾನಪಟ್ಟೆ. ಎರಡು ವಾರಾಂತ್ಯ ಅದನ್ನು ಬಿಚ್ಚಿ, ಜೆಟ್‌ಗಳ ತೂತಿಗೆ ಗಾಳಿ ಊದಿ, ಫ್ಲೋಟ್‌ನ ಎತ್ತರ ಅಳೆದು, ಏರ್ ಫಿಲ್ಟರ್ ತೊಳೆದು, ವಾಲ್ವ್ ಸಂದು ಹೊಂದಿಸಿ ಕಳೆದೆ. ಯಾವುದರಲ್ಲೂ ದೋಷವಿರಲಿಲ್ಲ. ಎರಡನೆಯ ಭಾನುವಾರ ಹಾಸನದಿಂದ ಅಣ್ಣ ಫೋನ್ ಮಾಡಿದಾಗ, ಪೆಟ್ರೋಲ್ ಕೈಯಲ್ಲೇ ಸ್ಪೀಕರ್ ಹಾಕಿ ನನ್ನ ಗೋಳು ಹೇಳಿಕೊಂಡೆ. ಅವನು ಟಿಲ್ಲರ್ ಇಟ್ಟುಕೊಂಡು ಗದ್ದೆ ಮಾಡುವವನು. ಪೂರ್ತಿ ಕೇಳಿ, “ಟೈರ್ ಬದಲಾಯಿಸ್ದೆ ಅಂದ್ಯಲ್ಲ, ಅದನ್ನ ಅಳತೆ ಹಿಡಿದ್ಯೇನೋ?” ಎಂದ. ಇಲ್ಲ ಎಂದೆ. “ಚಕ್ರ ದೊಡ್ಡದಾದ್ರೆ ಟಿಲ್ಲರ್ರೇ ಏರು ಹತ್ತಲ್ಲ ಕಣೋ, ಇನ್ನು ನಿನ್ನ ಆಟದ ಗಾಡಿ ಹತ್ತುತ್ತಾ?” ಎಂದು ನಕ್ಕು, ಮಾತನ್ನು ಅಡಿಕೆ ರೇಟಿನ ಕಡೆಗೆ ತಿರುಗಿಸಿದ.

4. ಡಿಸೆಂಬರ್ 21: ಮೊದಲೇ ಮಾಡಬೇಕಿದ್ದ ಅಳತೆ

ಟೈರಿನ ಮೇಲೆ ಬರೆದಿರುವ ಇಂಚನ್ನು ನಂಬಿ ಗುಣಿಸಿದರೆ ಪ್ರಯೋಜನವಿಲ್ಲ. ಈ ಉಬ್ಬಿದ ಟೈರುಗಳಲ್ಲಿ ಎರಡು, ಎರಡೂವರೆ ಪಿಎಸ್‌ಐ ಗಾಳಿ ಮಾತ್ರ ಇರುವುದರಿಂದ, ಮೇಲೆ ಕುಳಿತೊಡನೆ ಅವು ಕೆಳಗೆ ಚಪ್ಪಟೆಯಾಗುತ್ತವೆ. ಕಾರಿನ ಗೇಜಿನಲ್ಲಿ ಇಷ್ಟು ಕಡಿಮೆ ಗಾಳಿ ತೋರುವುದೇ ಇಲ್ಲ. 14 ಡಾಲರ್ ಕೊಟ್ಟು ಕಡಿಮೆ ಒತ್ತಡದ ಗೇಜ್ ಒಂದನ್ನು ತಂದೆ. ಎರಡೂ ಟೈರಿಗೆ 2.5 ಪಿಎಸ್‌ಐ ಹಾಕಿ, ಟೈರಿನ ಬದಿಗೂ ಮನೆಯ ಮುಂದಿನ ಕಾಂಕ್ರೀಟಿಗೂ ಸೀಮೆಸುಣ್ಣದ ಗುರುತು ಮಾಡಿ, ನಾನು ಮೇಲೆ ಕುಳಿತು, ಮಗನಿಂದ ಹಿಂದಿನಿಂದ ನೂಕಿಸಿಕೊಂಡು ಚಕ್ರ ಸರಿಯಾಗಿ ಮೂರು ಸುತ್ತು ಉರುಳುವಂತೆ ಮಾಡಿದೆ. ಹೊಸ ಟೈರು ಮೂರು ಸುತ್ತಿಗೆ 4,995 ಎಂಎಂ ಹೋಯಿತು, ಸುತ್ತಿಗೆ 1,665. ಇನ್ನೂ ಎಸೆಯದೆ ಇಟ್ಟಿದ್ದ ಹಳೆಯ ಜೋಡಿಯನ್ನು ಮತ್ತೆ ಹಾಕಿ ಅಳೆದಾಗ ಸುತ್ತಿಗೆ 1,510.

ಈ ನಡುವೆ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಹೊಸ ಜೋಡಿಯ ಎಡ ಟೈರಿನ ಸುತ್ತಳತೆ ಬಲದ್ದಕ್ಕಿಂತ 25 ಎಂಎಂ ಹೆಚ್ಚಿತ್ತು. ಈ ಗಾಡಿಯಲ್ಲಿ ಡಿಫರೆನ್ಷಿಯಲ್ ಇಲ್ಲ, ಎರಡೂ ಚಕ್ರ ಒಂದೇ ಆಕ್ಸಲ್ ಮೇಲೆ ಒಟ್ಟಿಗೇ ಸುತ್ತುತ್ತವೆ. ಹೀಗಾಗಿ ದೊಡ್ಡ ಟೈರು ಗಾಡಿಯನ್ನು ಸಣ್ಣ ಟೈರಿನ ಕಡೆಗೆ ತಿರುಗಿಸುತ್ತಲೇ ಇರುತ್ತದೆ. ಗಾಡಿ ಬಲಕ್ಕೆ ಎಳೆಯುವುದು ಹ್ಯಾಂಡಲ್‌ನ ಬೇರಿಂಗ್ ದೋಷ ಎಂದು ನಾನು ಭಾವಿಸಿದ್ದೆ. ಎರಡು ಟೈರಿಗೂ ಟೇಪು ಸುತ್ತಿ, ಸುತ್ತಳತೆ ಸಮನಾಗುವವರೆಗೆ ಬಲದ್ದಕ್ಕೆ ಗಾಳಿ ಏರಿಸಿ ಎಡದ್ದರಲ್ಲಿ ಇಳಿಸಿದೆ, ಎಳೆತ ನಿಂತಿತು.

ಬಳಿಕ ಪ್ರತಿ ಜೋಡಣೆಗೂ ಒಂದೇ ಸಂಖ್ಯೆ ಮಾಡಿಕೊಂಡೆ: ಮುಂದಿನ ಸ್ಪ್ರಾಕೆಟ್ ಒಂದು ಸುತ್ತು ತಿರುಗಿದರೆ ಗಾಡಿ ಎಷ್ಟು ಮುಂದೆ ಹೋಗುತ್ತದೆ ಎಂಬುದು. ಟೈರಿನ ಸುತ್ತಳತೆಯನ್ನು ಮುಂದಿನ ಹಲ್ಲಿನಿಂದ ಗುಣಿಸಿ ಹಿಂದಿನ ಹಲ್ಲಿನಿಂದ ಭಾಗಿಸಿದರಾಯಿತು. ಗಾಡಿ ಬಂದಾಗ, 12ಕ್ಕೆ 44, ಸಣ್ಣ ಟೈರು: 412 ಎಂಎಂ. ಚೆನ್ನಾಗಿ ಓಡಿದ ದಿನ, 13ಕ್ಕೆ 40, ಸಣ್ಣ ಟೈರು: 491. ಉಬ್ಬಸ ಬಂದ ದಿನ, 13ಕ್ಕೆ 40, ದೊಡ್ಡ ಟೈರು: 541. ನಾನು ಸ್ಪ್ರಾಕೆಟ್‌ನಲ್ಲಿ ಅಳೆದು ತೂಗಿ ಮಾಡಿದ ಬದಲಾವಣೆಯ ಮೇಲೆ, ಟೈರು ನನ್ನನ್ನು ಕೇಳದೆಯೇ ಮತ್ತೆ ಹತ್ತು ಪ್ರತಿಶತ ಹೇರಿತ್ತು. ಮೊದಲಿಗೂ ಕೊನೆಗೂ ನಡುವೆ 31 ಪ್ರತಿಶತ ವ್ಯತ್ಯಾಸ. ಈ ಗಾಡಿಯಲ್ಲಿ ಸ್ಪ್ರಾಕೆಟ್ ಎರಡಲ್ಲ, ಮೂರು, ಮೂರನೆಯದು ಟೈರು. ಯಾರಾದರೂ “200ಎಕ್ಸ್‌ಗೆ ಇಂತಿಷ್ಟು ಹಲ್ಲು ಹಾಕು” ಎಂದು ಟೈರಿನ ಅಳತೆ ಕೇಳದೆ ಸಲಹೆ ಕೊಟ್ಟರೆ ನಾನೀಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

5. ಡಿಸೆಂಬರ್ 28ರಿಂದ ಜನವರಿ 4: ಮತ್ತದೇ ಒಂದು ಮಿಲಿಮೀಟರ್

ದೊಡ್ಡ ಟೈರನ್ನು ಉಳಿಸಿಕೊಂಡು 500ರ ಆಸುಪಾಸಿಗೆ ಬರಲು ಎರಡು ದಾರಿಗಳಿದ್ದವು. ಮುಂದೆ 12 ಹಾಕಿ ಹಿಂದೆ 40 ಉಳಿಸಿದರೆ 500 ಸರಿಯಾಗಿ ಬರುತ್ತದೆ, ಖರ್ಚೂ ಕಡಿಮೆ. 13 ಉಳಿಸಿ ಹಿಂದೆ 42 ಹಾಕಿದರೆ 515. ಎರಡನೆಯದನ್ನು ಆರಿಸಿದೆ. 12 ಹಲ್ಲಿನ ಸ್ಪ್ರಾಕೆಟ್‌ನ ಮೇಲೆ ಚೈನ್ ಇನ್ನೂ ಕಡಿದಾಗಿ ಬಾಗಬೇಕು, ಮತ್ತು ಅದರ ವ್ಯಾಸ 13ರದ್ದಕ್ಕಿಂತ 5 ಎಂಎಂ ಕಡಿಮೆಯಾದ್ದರಿಂದ ಚೈನ್ ಸ್ವಿಂಗ್ ಆರ್ಮ್‌ನ (ಹಿಂದಿನ ಆಕ್ಸಲ್ ಹೊತ್ತ ತೋಳಿನ) ರಬ್ಬರಿಗೆ ಇನ್ನಷ್ಟು ಹತ್ತಿರವಾಗುತ್ತದೆ. ಹಿಂದೆ 42 ಹಾಕಿದರೆ ಸ್ಪ್ರಾಕೆಟ್‌ನ ಅಂಚು ನೆಲಕ್ಕೆ 5 ಎಂಎಂ ಹತ್ತಿರ ಬರುವುದು ನಿಜ, ಆದರೆ ದೊಡ್ಡ ಟೈರು ಅದಕ್ಕಿಂತ ಹೆಚ್ಚು ಎತ್ತರ ಕೊಟ್ಟಿತ್ತು. 42ರ ಬೆಲೆ 43 ಡಾಲರ್. ನವೆಂಬರ್‌ನಲ್ಲಿ ಕೊಂಡ 40 ಈಗ ಗೋಡೆಯ ಮೊಳೆಗೆ ತೂಗಿದೆ.

ಈ ಬಾರಿ ಗ್ರೀಸ್ ಸವರಿದ್ದ ಹಬ್ಬು ಕೈಯಲ್ಲೇ ಬಂತು. ಚೈನ್ ಮಾತ್ರ ಬರಲಿಲ್ಲ. ಎರಡು ಹಲ್ಲು ಹೆಚ್ಚಾದ್ದರಿಂದ ಆಕ್ಸಲ್ 8 ಎಂಎಂ ಮುಂದೆ ಬರಬೇಕಿತ್ತು, ಅಡ್ಜಸ್ಟರ್‌ನಲ್ಲಿ ಉಳಿದದ್ದು 7. ಎರಡು ತಿಂಗಳ ಹಿಂದೆ ಒಂದು ಮಿಲಿಮೀಟರ್ ಉದ್ದವಾಯಿತೆಂದು ಕತ್ತರಿಸಿದ ಚೈನ್ ಈಗ ಒಂದು ಮಿಲಿಮೀಟರ್ ಗಿಡ್ಡ. ಆದರೂ ಬಿಡದೆ, ಎರಡು ತುದಿಗಳನ್ನೂ ಚೈನ್ ಎಳೆಯುವ ಸಲಕರಣೆಯಿಂದ ಎಳೆದು ಲಾಕ್ ಹಾಕಿದೆ. ಬೆರಳಿನಿಂದ ಮೀಟಿದರೆ ತಂಬೂರಿಯ ತಂತಿಯಂತೆ ಸ್ವರ ಹೊರಟಿತು. ಹಿಂಚಕ್ರಗಳನ್ನು ಸ್ಟ್ಯಾಂಡ್ ಮೇಲೆ ಎತ್ತಿ ಸ್ಟಾರ್ಟ್ ಮಾಡಿ ಒಂದನೇ ಗೇರು ಹಾಕಿದಾಗ ಮುಂದಿನ ಸ್ಪ್ರಾಕೆಟ್‌ನ ಬಳಿಯಿಂದ ಊಳಿಡುವ ಸದ್ದು ಬಂತು, ಹತ್ತು ಸೆಕೆಂಡಿನಲ್ಲಿ ನಿಲ್ಲಿಸಿದೆ. ಅಷ್ಟರ ಬಿಗಿಯಲ್ಲಿ ಓಡಿಸಿದ್ದರೆ ಗೇರ್‌ಬಾಕ್ಸಿನ ಶಾಫ್ಟ್ ಬೇರಿಂಗ್ ಹೋಗುತ್ತಿತ್ತು.

ಹೊಸ ಓ-ರಿಂಗ್ ಚೈನ್ 64 ಡಾಲರ್. ಕತ್ತರಿಸುವ ಮೊದಲು ಈ ಬಾರಿ ಕಾಗದದಲ್ಲಿ ಲೆಕ್ಕ ಮಾಡಿದೆ. ಸವೆತವಿಲ್ಲದ 90 ಲಿಂಕ್ ಇಟ್ಟರೆ ಒಟ್ಟು 56 ಹಲ್ಲಿಗೆ ಅಡ್ಜಸ್ಟರ್ 3 ಎಂಎಂನಲ್ಲೂ, 55ಕ್ಕೆ 7ರಲ್ಲೂ, 54ಕ್ಕೆ 11ರಲ್ಲೂ, 53ಕ್ಕೆ 15ರಲ್ಲೂ ನಿಲ್ಲುತ್ತದೆ. ನಾನು ಹಾಕಬಹುದಾದ ಯಾವ ಜೋಡಿಗೂ ಇದೊಂದೇ ಚೈನ್ ಸಾಕು. ಲಾಕಿನ ಕ್ಲಿಪ್ಪನ್ನು ಅದರ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗೆ ಇರುವಂತೆ ಕೂರಿಸಿದೆ. ಸಡಿಲವನ್ನು ಮೊದಲು ಗಾಡಿ ಸ್ಟ್ಯಾಂಡ್ ಮೇಲಿರುವಾಗ ಹೊಂದಿಸಿ, ಕೆಳಗಿಳಿಸಿ ಮೇಲೆ ಕುಳಿತು ನೋಡಿದರೆ ಚೈನ್ ಬಿಗಿದುಕೊಂಡಿತ್ತು. ಸಸ್ಪೆನ್ಷನ್ ಕೆಳಗಿಳಿದಾಗ ಆಕ್ಸಲ್ ಹಿಂದೆ ಸರಿಯುತ್ತದೆ ಎಂಬುದನ್ನು ಮರೆತಿದ್ದೆ. ಕುಳಿತ ಭಾರದಲ್ಲೇ ಮತ್ತೆ ಹೊಂದಿಸಿದೆ.

ಜನವರಿ 4ರಂದು ಬ್ಲೋ ಸ್ಯಾಂಡ್ ಹಿಲ್‌ಗೆ ಮೂರನೆಯ ಗೇರಿನಲ್ಲಿ ಕ್ಲಚ್ ಮುಟ್ಟದೆ ಹತ್ತಿದೆ. ಸಮತಟ್ಟಿನಲ್ಲಿ 55 ಮೈಲಿ ಬಂತು. ಅಂದರೆ ಲೆಕ್ಕದ ಪ್ರಕಾರ ವೇಗ ಕಡಿಮೆಯಾಗಬೇಕಿದ್ದ ಜೋಡಣೆಯಲ್ಲಿ ಎರಡು ಮೈಲಿ ಹೆಚ್ಚೇ ಓಡಿತು, ಏಕೆಂದರೆ 541ರ ಐದನೆಯ ಗೇರನ್ನು ಪೂರ್ತಿ ಎಳೆಯುವ ಕಸುವು ಈ ಎಂಜಿನ್‌ಗೆ ಇರಲೇ ಇಲ್ಲ.

6. ಜನವರಿ 18 ಮತ್ತು 19: ಗ್ಲಾಮಿಸ್‌ನ ಮರಳು

ನವೆಂಬರ್ ಕೊನೆಯ ಹಬ್ಬದ ನೂಕುನುಗ್ಗಲು ತಪ್ಪಿಸಿ ಜನವರಿಯಲ್ಲಿ ಇಂಪೀರಿಯಲ್ ಮರಳುದಿಬ್ಬಗಳಿಗೆ ಹೋದೆವು. ಇಲ್ಲಿ ಎಲ್ಲರೂ ಗ್ಲಾಮಿಸ್ ಎಂದೇ ಕರೆಯುತ್ತಾರೆ. ಮರಳಿಗೆಂದು ರಿಮ್ ಸಮೇತ 20 ಇಂಚಿನ ಹಳೆಯ ಪ್ಯಾಡಲ್ ಟೈರುಗಳನ್ನು 120 ಡಾಲರ್‌ಗೆ ಕೊಂಡಿದ್ದೆ. ಇವುಗಳ ಮೇಲೆ ಅಡ್ಡಲಾಗಿ ಎದ್ದ ರಬ್ಬರ್ ಪಟ್ಟಿಗಳು ಹುಟ್ಟುಗೋಲಿನಂತೆ ಮರಳನ್ನು ಹಿಂದಕ್ಕೆ ತಳ್ಳುತ್ತವೆ. ಕಾಂಕ್ರೀಟಿನ ಮೇಲೆ ಇವೂ ಸುತ್ತಿಗೆ 1,510ರ ಹತ್ತಿರವೇ ಬಂದಿದ್ದವು. 13ಕ್ಕೆ 42 ಇದ್ದಂತೆ ಸಂಖ್ಯೆ 467. ಒಕೊಟಿಲ್ಲೊಗಿಂತ ಬಹಳ ಕೆಳಗೇ ಇದೆ, ಸಾಕು ಎಂದು ಲೆಕ್ಕ ಹಾಕಿದ್ದೆ.

ಸಾಲಲಿಲ್ಲ. ಗಟ್ಟಿ ನೆಲದಲ್ಲಿ ಚಕ್ರ ಜಾರಿದರೆ ಎಂಜಿನ್ ಹಗುರಾಗುತ್ತದೆ, ಇಲ್ಲಿ ಪ್ಯಾಡಲ್ ಜಾರಲು ಬಿಡದೆ ಮರಳನ್ನು ಅಗೆಯುತ್ತಲೇ ಇರುತ್ತದೆ. ಎರಡನೆಯ ಗೇರು ಕಿರುಚಿ ಕಿರುಚಿ ಮುಗಿದ ಮೇಲೆ ಮೂರಕ್ಕೆ ಹಾಕುವ ಕ್ಷಣದಲ್ಲಿ ಮರಳು ಗಾಡಿಯನ್ನು ಹಿಡಿದು ನಿಲ್ಲಿಸಿದಂತಾಗುತ್ತಿತ್ತು. ದಿಬ್ಬದ ಮುಕ್ಕಾಲಿನಲ್ಲಿ ನಿಂತು, ಅಡ್ಡಲಾಗಿ ತಿರುಗಿಸಿಕೊಂಡು ಇಳಿಯಬೇಕಾಯಿತು. ಮೂರು ಚಕ್ರದ ಗಾಡಿಯನ್ನು ಇಳಿಜಾರಿನಲ್ಲಿ ಅಡ್ಡ ತಿರುಗಿಸುವುದು ಸುಖದ ಕೆಲಸವಲ್ಲ. ಕಾಲು ಕೆಳಗಿಡುವ ಬೈಕಿನ ಅಭ್ಯಾಸವಿದ್ದವರ ಪಾದದ ಮೇಲೆ ಹಿಂದಿನ ಟೈರೇ ಹತ್ತುತ್ತದೆ.

ಮಧ್ಯಾಹ್ನ ಬಿಡಾರದಲ್ಲೇ ಮುಂದಿನ ಸ್ಪ್ರಾಕೆಟ್ ಬದಲಿಸಿದೆ. ಸಾಮಾನಿನ ಪೆಟ್ಟಿಗೆಯಲ್ಲಿ ಗಾಡಿಯೊಡನೆ ಬಂದಿದ್ದ ಹಳೆಯ 12 ಇತ್ತು. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿದ್ದೆ, ಆದರೆ ಬಿಲ್ಲೆಯ ಎರಡನೆಯ ಬೋಲ್ಟ್ ಗ್ರೀಸ್ ಕೈಯಿಂದ ಜಾರಿ ಹಾಳೆಯ ಅಂಚಿಗೆ ಪುಟಿದು ಮರಳಿನೊಳಗೆ ಹೋಯಿತು. ಬಿದ್ದ ಜಾಗದಲ್ಲಿ ಒಂದು ಸಣ್ಣ ಗುಳಿ ಮೂಡಿ, ನೋಡುತ್ತಿದ್ದಂತೆಯೇ ಮುಚ್ಚಿಕೊಂಡಿತು. ಅಯಸ್ಕಾಂತದ ಕಡ್ಡಿಯಿಂದ ಕಾಲು ಗಂಟೆ ಕೆದಕಿದ ಮೇಲೆ ಸಿಕ್ಕಿತು. ಅದರ ಸುತ್ತ ಕಡ್ಡಿಗೆ ಅಂಟಿ ಬಂದ ಕಪ್ಪು ಕಬ್ಬಿಣದ ಮರಳನ್ನು ಒರೆಸಲು ಇನ್ನೂ ಐದು ನಿಮಿಷ. ಒಟ್ಟು ನಲವತ್ತು ನಿಮಿಷದ ಕೆಲಸ, ಆಕ್ಸಲ್ 4 ಎಂಎಂ ಹಿಂದೆ.

12ಕ್ಕೆ 42, ಸಂಖ್ಯೆ 431. ಸಂಜೆ ಅದೇ ದಿಬ್ಬವನ್ನು ಮೂರನೆಯ ಗೇರಿನಲ್ಲಿ ತುದಿಯವರೆಗೆ ಹತ್ತಿದೆ. ಮೇಲೆ ಎಂಜಿನ್ ನಿಲ್ಲಿಸಿ ಕುಳಿತಾಗ 431 ಎಂಬುದರ ಪಕ್ಕದಲ್ಲಿ 412 ನೆನಪಾಯಿತು. ಆ ಹಳೆಯ ಮಾಲೀಕ 12ಕ್ಕೆ 44 ಹಾಕಿದ್ದು, 20 ಇಂಚಿನ ಟೈರು ಇಟ್ಟದ್ದು ತಿಳಿಗೇಡಿತನದಿಂದಲ್ಲ. ಅವನು ಈ ಮರಳಿನಲ್ಲಿ ಓಡಿಸಿದವನು. ಅವನ ಸ್ಪ್ರಾಕೆಟ್ ಸರಿಯಾಗಿಯೇ ಇತ್ತು, ನಾನು ಅದನ್ನು ಬೇರೆ ನೆಲಕ್ಕೆ ಒಯ್ದು ಬೈದಿದ್ದೆ. ಮರುದಿನ ಇನ್ನೂ ಎತ್ತರದ ದಿಬ್ಬದಲ್ಲಿ ಗಾಡಿ ತುದಿಗೆ ಹತ್ತು ಅಡಿ ಇರುವಾಗ ಸೋತಿತು. ಹತ್ತು ಡಾಲರ್‌ಗೆ ಮಾರಿದ 44 ಇದ್ದಿದ್ದರೆ ಆ ಹತ್ತು ಅಡಿ ದಾಟುತ್ತಿದ್ದೆನೆಂದು ನನಗೆ ಅನ್ನಿಸುತ್ತದೆ. ಅಕ್ಟೋಬರ್‌ನ ವಾಕ್ಯವನ್ನು ಅಂದು ರಾತ್ರಿ ಹೊಡೆದುಹಾಕಿದೆ.

7. ಫೆಬ್ರವರಿ 8: ಈಗಿನ ಸ್ಥಿತಿ

ಎರಡು ದಿನ ಹೊಸ ಚೈನನ್ನು ಸವೆದ 12ರ ಮೇಲೆ ಓಡಿಸಿದ್ದು ತಪ್ಪು. ಅದರ ಹಲ್ಲುಗಳು ಒಂದೇ ಕಡೆಗೆ ಕೊಕ್ಕೆಯಂತೆ ಬಾಗಿದ್ದವು. 16 ಡಾಲರ್‌ಗೆ ಹೊಸ 12 ತಂದು ಹಳೆಯದನ್ನು ಎಸೆದೆ, ಈ ಬಾರಿ ಎಸೆದದ್ದಕ್ಕೆ ಪಶ್ಚಾತ್ತಾಪವಿಲ್ಲ. ಹಿಂದೆ 42 ಕಾಯಂ. ಒಕೊಟಿಲ್ಲೊಗೆ ಮುಂದೆ 13 ಮತ್ತು 22 ಇಂಚಿನ ಟೈರು, ಗ್ಲಾಮಿಸ್‌ಗೆ ಮುಂದೆ 12 ಮತ್ತು ಪ್ಯಾಡಲ್. ಹಬ್ಬು ಬಿಚ್ಚುವ ಅಗತ್ಯವಿಲ್ಲದೆ ಒಂದು ಗಂಟೆಯೊಳಗೆ ಒಂದರಿಂದ ಇನ್ನೊಂದಕ್ಕೆ ಬದಲಾಗುತ್ತದೆ.

ಟೈರು, ಗೇಜ್, ನಟ್ಟು ಎಲ್ಲ ಸೇರಿ ಖರ್ಚು 492 ಡಾಲರ್, 44 ಮಾರಿ ಬಂದದ್ದು 10. ಇದರಲ್ಲಿ ಗೋಡೆಗೆ ತೂಗಿರುವ 40ರ 41 ಡಾಲರ್, ನಟ್ಟಿನ 9 ಡಾಲರ್ ಶುದ್ಧ ನಷ್ಟ. ಕಾರ್ಬುರೇಟರ್‌ಗೆ ಕಳೆದ ಎರಡು ವಾರಾಂತ್ಯಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ.

ಉಳಿದಿರುವ ಕೆಲಸ ಒಂದು. 12 ಹಾಕಿದಾಗ ಚೈನ್ ಸ್ವಿಂಗ್ ಆರ್ಮ್‌ನ ರಬ್ಬರನ್ನು ತಿನ್ನುತ್ತಿದೆ. ಗ್ಲಾಮಿಸ್‌ನ ಎರಡು ದಿನಕ್ಕೆ 2 ಎಂಎಂ ಆಳದ ಕಾಲುವೆ ಬಿದ್ದಿದೆ, ಅದರ ಕೆಳಗೆ ಉಳಿದಿರುವುದು 3 ಎಂಎಂ ಮಾತ್ರ. ಈ ಮಾದರಿಯ ರಬ್ಬರ್ ಹೊಸದಾಗಿ ಸಿಕ್ಕಿಲ್ಲ. ಅಡುಗೆಮನೆಯ ಹಳೆಯ ಪ್ಲಾಸ್ಟಿಕ್ ಕತ್ತರಿಸುವ ಹಲಗೆಯಿಂದ ಒಂದು ಪಟ್ಟಿ ಕೊಯ್ದು ಅಳತೆಗೆ ತಿದ್ದುತ್ತಿದ್ದೇನೆ, ಹಲಗೆ ಕಾಣೆಯಾದದ್ದು ಮನೆಯಲ್ಲಿ ಇನ್ನೂ ಗೊತ್ತಾಗಿಲ್ಲ.